ಮೈ ತುಂಬಿದ ಬಾಣಂತಿ

ಬಾಲ ಮುಂಗೈಗೆ ಪಟಪಟ ಬಡಿಯುತ್ತಿದೆ, ಬಿಗಿ ಹಿಡಿಯಬೇ ಹುಲಿಗೆವ್ವ ಎನ್ನುತ್ತಾನೆ ನಮ್ಮೂರ ನೂರಸಾಬ, ಹಿಡಿದೇ ಇದ್ದೇನೆ, ಮೂವತ್ತು ವರ್ಷ ಈ ಹೊಳೆಯ ಮೀನು ಹಿಡಿದ ಕೈ ಇದು, ಇವತ್ತು ಬಿಗಿದಿರುವುದು ಸಿಟ್ಟಿಗೆ — ಮೀನಿನ ರಕ್ತ ಪರೀಕ್ಷಿಸಲು ಬಂದ ಹೈದರಾಬಾದಿನ ಸಾಹೇಬರು ಬಾಲದ ಬುಡಕ್ಕೆ ಸೂಜಿ ಚುಚ್ಚುತ್ತಾರೆ, ರಕ್ತ ಎಳೆದು ಗಾಜಿನ ನಳಿಗೆಗೆ ಬಿಡುತ್ತಾರೆ, ಹಗುರವಾಗಿ, ಮೀನಿಗೆ ನೋವಾದೀತು ಎಂಬಂತೆ, ಮೀನಿಗೆ ಇಷ್ಟು ಮರ್ಯಾದೆ! ನಿನ್ನೆಯ ನಳಿಗೆಯಲ್ಲಿ ಕೆಂಪು ತಳಕ್ಕೆ ಕೂತು ಮೇಲೆ ತಿಳಿಹಳದಿ ನೀರು ನಿಂತಿತ್ತು, ಕಾಯಿಸಿದರು, ಬೇಯಿಸಿದ ತತ್ತಿಯ ಹಾಗೆ ಬೆಳ್ಳಗೆ ಗಟ್ಟಿಯಾಯಿತು, ಏನ್ರೀ ಇದು ಮಾಟ ಎಂದು ನಾನು ನಕ್ಕೆ, ಸಾಹೇಬರ ಉರ್ದು ಕೇಳಿ ನೂರಸಾಬ ಬಿಡಿಸಿ ಹೇಳಿದ, ಮಾಟ ಅಲ್ಲಬೇ, ಆಲ್ಬುಮಿನ್ ಅಂತಾರ ಇದಕ್ಕ, ರಕ್ತದಾಗಿನ ನೀರು ನರದಾಗ ಹಿಡದಿಡತೈತಂತ, ಇದು ಕಡಿಮಿ ಆದ್ರ ನೀರು ಸೋರಿ ಮೈಯಾಗ ಇಳೀತೈತಿ, ಹೊಟ್ಟಿ ಉಬ್ಬಿದ ಮೀನ ನೋಡಿಲ್ಲೇನು, ಹಂಗ. ಮೀನಿಗಷ್ಟ ಏನು ಎಂದೆ. ಮನಷ್ಯಾರಿಗೂ ಅಷ್ಟ, ಸತ್ವದ ಕೂಳು ಹೊಟ್ಟಿಗಿಲ್ಲಂದ್ರ ಮೈ ಬಾಯತೈತಿ, ಹೆಬ್ಬಟ್ಟು ಒತ್ತಿದ್ರ ಕುಣಿ ಬೀಳತೈತಿ, ಅಂಥಾರಿಗೆ ಮೀನ, ತತ್ತಿ ತಿನ್ನಸ್ರಿ ಅಂತಾರ ಸಾಹೇಬ್ರು. ನನ್ನ ನಗು ಬಾಯಲ್ಲೇ ಸತ್ತಿತು. ನಿನ್ನೆಯೇ ಓಡಿದೆ ಮನೆಗೆ, ಎರಡು ತಿಂಗಳ ಬಾಣಂತಿ ಮಗಳು ಗಾಳೆಮ್ಮನ ಕಾಲು ಒತ್ತಿದೆ, ಕುಣಿ ಬಿತ್ತು, ತುಂಬಲೇ ಇಲ್ಲ.

ಎರಡು ತಿಂಗಳು ನಾನು ಹಿಗ್ಗಿದ್ದೆ, ಥೂ, ಓಣಿಯೆಲ್ಲ ಬಂದು ನೋಡಿತು, ಏನವ್ವ ಮಗಳು ಮೈ ತುಂಬ್ಯಾಳ, ಬಾಣಂತನ ಅಂದ್ರ ಹಿಂಗಿರಬೇಕು ಎಂದಳು ಮಾಶಾಬಿ, ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ, ನೀರು ತುಂಬಿದ ಮೈಗೆ! ಒಣರೊಟ್ಟಿ, ಬಳ್ಳೊಳ್ಳಿ ಖಾರ, ಮತ್ತೆ ಒಣರೊಟ್ಟಿ, ಮೀನು ನಂಜು, ತತ್ತಿ ನಂಜು, ಬ್ಯಾಳಿ ವಾಯು, ನನ್ನ ಅತ್ತೆ ದುರಗಮ್ಮ ಹೊಸ್ತಿಲ ಮೇಲೆ ಕೂತು ಒಂದೊಂದಕ್ಕೂ ಕೈ ಅಡ್ಡ ಹಿಡಿದಳು, ನಡುತುಂಡು ಗಂಡಸರಿಗೆ, ತಲೆ ನಮಗೆ, ಬಾಣಂತಿಗೆ ವಾಸನೆ — ಮೀನಿನ ಮನೆಯಲ್ಲಿ ಹುಟ್ಟಿ ಮೀನಿಗಾಗಿ ಕಣ್ಣು ಬಿಟ್ಟುಕೊಂಡು ಕೂತಿದ್ದಳು ನನ್ನ ಮಗಳು, ಒಂದ ತುಣಕವ್ವ, ಸಣ್ಣದು, ಎಂದು ಕೈ ಚಾಚಿದಾಗ ಆ ಕೈಗೆ ಹೊಡೆದದ್ದು ಯಾರು, ಅತ್ತೆ ಅಲ್ಲ, ನಾನು, ಹಾಲು ನಂಜಾಗಿ ಕೂಸಿನ ಕೊಲ್ಲತೀಯೇನು ಮೂಳಿ ಎಂದದ್ದು ನಾನು.

ಸಾಕು ಸಾಹೇಬ್ರ, ಕೊಡ್ರಿ ಇತ್ತ, ಇದು ನನ್ನ ಮೀನು. ಇನ್ನೊಂದು ನಳಿಗೆ ಬೇಕಂತಬೇ ಎಂದು ನೂರಸಾಬ ಕೂಗುತ್ತಿದ್ದಾನೆ, ಬೇಕಾದರೆ ಹೊಳೆಗೆ ಇಳಿಯಲಿ, ಉಸುಕು ಕಾಲು ಸುಡುತ್ತಿದೆ, ಉಡಿಯಲ್ಲಿ ಮೀನು ಇನ್ನೂ ಮಿಡುಕುತ್ತಿದೆ, ಮನೆ, ಒಲೆ, ಅರಿಶಿನ, ಉಪ್ಪು, ಹುಣಸೆ ಸಾಕು, ಏನ ನಡಸೀಯೇ ಇದು ಎನ್ನುತ್ತಾಳೆ ಅತ್ತೆ, ನನ್ನ ಬಾಣಂತನದಾಗೂ ಹಿಂಗ ಮಾಡಿದಿ ಅತ್ತಿ, ನಾ ಹೆಂಗೋ ಉಳದೆ, ಇಕಿ ಉಳಿಯೂದಿಲ್ಲ, ಆಚೀಗೆ ಸರಿ — ಮೂವತ್ತು ವರ್ಷದಲ್ಲಿ ಅತ್ತೆಗೆ ಆಚೆ ಸರಿ ಎಂದು ಹೇಳಿದ್ದು ಇವತ್ತೇ, ಅವಳು ಗೋಡೆ ಹಿಡಿದು ಸರಿದಳು, ಇಷ್ಟೇ ಇತ್ತೇ, ಇಷ್ಟಕ್ಕೆ ಎರಡು ತಿಂಗಳು ಬೇಕಾಯಿತೇ ನನಗೆ. ಮುಳ್ಳು ತೆಗೆದ ತುಣುಕು ಬೆರಳಲ್ಲಿ ಹೊಗೆಯಾಡುತ್ತಿದೆ, ತಗೋ ಗಾಳೆಮ್ಮ, ಬಾಯಿ ತೆರಿ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟುತ್ತಾಳೆ, ಬ್ಯಾಡವ್ವ, ಕೂಸು ಸಾಯತೈತಿ, ನೀನ ಅಂದಿದ್ದಿಯಲ್ಲ. ನಾನೇ. ಸುಳ್ಳು ಅದು, ತಿನ್ನು. ತಲೆ ಆಡಿಸುತ್ತಾಳೆ. ಉಬ್ಬಿದ ಎರಡು ಕೆನ್ನೆಯ ನಡುವೆ ತುಟಿ ಬಿಗಿದು ಒಂದು ಗೆರೆ, ತೆರಿ ಅಂತೀನಿ, ಗೆರೆ ಅಲುಗುವುದಿಲ್ಲ, ತೆರಿಯೇ ನನ್ನವ್ವ, ಮೀನಿನ ನೀರು ನನ್ನ ಮುಂಗೈ ಮೇಲೆ ಇಳಿಯುತ್ತಿದೆ, ತುಟಿ, ಬಿಗಿದ ತುಟಿ, ಆ ಗೆರೆ —