ಪೆಲ್‌ಹ್ಯಾಮನ ಪಿಟೀಲು ಮತ್ತು ಡ್ಯಾರಲ್‌ನ ಬಾಯಿ

೧
ಎಲ್ಲಿಂದ ಶುರು ಮಾಡಲಿ? ‘೧೭೮೪, ಲಂಡನ್. ಹೆನ್ರಿ ಪೆಲ್‌ಹ್ಯಾಮ್ ಮೇಪಲ್ ಹಲಗೆಗೆ ಉಳಿ ಇಟ್ಟ...’ ಬೇಡ. ನಾನು ಲಂಡನ್ ನೋಡಿಲ್ಲ. (ಪೆಲ್‌ಹ್ಯಾಮ್ ಕೂಡ ನನ್ನದೇ ಸೃಷ್ಟಿ. ಗೂಗಲ್ ಮಾಡಬೇಡಿ.)

೨
ಸರಿ, ಡ್ಯಾರಲ್‌ನಿಂದ ಶುರು. ಉಡುಪಿ ಕಡೆಯ ಶಿರ್ವದವನು. ದುಬೈಯ ಒಂದು ಹರಾಜು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ, ಭಾನುವಾರ ಚರ್ಚಿನಲ್ಲಿ ಪಿಟೀಲು. ಪೆಲ್‌ಹ್ಯಾಮ್ ಮಾಡಿದ ಪಿಟೀಲನ್ನು ಗಿರಾಕಿಗೆ ತೋರಿಸಲು ಅಬುಧಾಬಿಯ ಹೋಟೆಲಿಗೆ ಒಯ್ದವನು ಅವನೇ. ಅಂದಾಜು ಬೆಲೆ ನಾಲ್ಕು ಲಕ್ಷ ದಿರ್ಹಮ್. ಗ್ಲೌಸ್ ಇಲ್ಲದೆ ಮುಟ್ಟುವಂತಿಲ್ಲ. ಬಾರಿಸುವುದಂತೂ ಕನಸಿನಲ್ಲೂ ಇಲ್ಲ.

ಕೊಳ್ಳಲು ಬಂದ ಡಾಕ್ಟರ್ ಪ್ಯಾಟ್ರಿಶಿಯಾ ಹಟ ಹಿಡಿದರು: “ಕೇಳದೆ ಹೇಗೆ ತಗೊಳ್ಳಲಿ?” ಬಾರಿಸಬೇಕಾದವನು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದ. ಮ್ಯಾನೇಜರ್ ದೀಪ್ತಿ, ಮೈಸೂರಿನವರು, ಡ್ಯಾರಲ್‌ನ ಕಡೆ ತಿರುಗಿದರು. “ನಿಮಗೆ ಬರುತ್ತಲ್ವಾ? ಎರಡೇ ನಿಮಿಷ, ಪ್ಲೀಸ್.”

೩
ನಾನು ಅವನ ಕೈಯಲ್ಲಿ ಒಂದು ಭಾರಿ ಯುರೋಪಿಯನ್ ರಾಗ ಬಾರಿಸಿಸಲು ಹೊರಟೆ. ಡ್ಯಾರಲ್ ಕಮಾನು ಕೆಳಗಿಟ್ಟ.

“ನನಗೆ ಅದೆಲ್ಲ ಬರುದಿಲ್ಲ ಮಾರಾಯ್ರೇ. ಬೇಕಾದ್ರೆ ನೀವೇ ಬಾರಿಸಿ.”

ಮತ್ತೆ ಕಮಾನು ಎತ್ತಿ, ಮದುವೆಯ ಹಿಂದಿನ ರೋಸ್ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗಿನ ಕೊಂಕಣಿ ಹಾಡು ಬಾರಿಸಿದ. ಪ್ಯಾಟ್ರಿಶಿಯಾ ಕಾಲಲ್ಲಿ ತಾಳ ಹಾಕಿದರು. ಅಷ್ಟರಲ್ಲಿ ಮೂರನೇ ತಂತಿಯಲ್ಲಿ ನೊಣ ಗುಂಯ್‌ಗುಟ್ಟಿದ ಹಾಗೆ ಏನೋ ಕೇಳಿಸಿತು. ಮರದ ಅಂಟು ಬಿಟ್ಟಿದೆ. ಯಾರ ಮುಖವೂ ಬದಲಾಗಲಿಲ್ಲ.

(ಬಾಯಿ ಮುಚ್ಚಿಕೊಂಡಿರು ಡ್ಯಾರಲ್, ವೀಸಾ ಕಂಪನಿಯದ್ದು. ಬೇಡಿಕೊಂಡೆ ಕೂಡ.)

“ಮೇಡಂ, ಇದರ ಅಂಚಲ್ಲಿ ಅಂಟು ಬಿಟ್ಟಿದೆ,” ಎಂದುಬಿಟ್ಟ. ಎಲ್ಲರೆದುರೇ!

ಪ್ಯಾಟ್ರಿಶಿಯಾ ಕೈಚೀಲ ಎತ್ತಿಕೊಂಡರು. “ರಿಪೇರಿ ಆದ ಮೇಲೆ ಕರೀರಿ.” ದೀಪ್ತಿ ನಗುತ್ತಲೇ ಬಾಗಿಲವರೆಗೆ ಬಿಟ್ಟುಬಂದರು. ಆಮೇಲೆ ನಗಲಿಲ್ಲ.

೪
ಅಂತ್ಯ ಒಂದು: ಕೆಲಸ ಹೋಯಿತು. ಅಂತ್ಯ ಎರಡು: ಪ್ರಾಮಾಣಿಕತೆಗೆ ಮೆಚ್ಚಿ ಬಡ್ತಿ.

“ಎರಡೂ ಬೇಡ,” ಎಂದ ಡ್ಯಾರಲ್. “ಒಂದರಲ್ಲಿ ನಾನು ಅಯ್ಯೋ ಪಾಪದವನು, ಇನ್ನೊಂದರಲ್ಲಿ ಸಂತ. ನಂಗೆ ಹೊಟ್ಟೆಯಲ್ಲಿ ಭಯ ಉಂಟು, ಅದನ್ನು ಬರೀರಿ.”

ಬರೆದೆ. ದುಬೈಗೆ ವಾಪಸ್ ಬರುವ ವ್ಯಾನಿನಲ್ಲಿ ಅವನ ಹೊಟ್ಟೆಯಲ್ಲಿ ಭಯವಿತ್ತು. ಪಕ್ಕದಲ್ಲಿ ದೀಪ್ತಿ ಕೂತಿದ್ದರು. ಜಬಲ್ ಅಲಿ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತ ಹೇಳಿದರು:

“ಆ ಗುಂಯ್ ಸದ್ದು ನಂಗೂ ಕೇಳಿಸಿತ್ತು ಕಣ್ರೀ.”

ಇವತ್ತೇ? ಮೊದಲೇ? ನಾನು ಅವಸರದಿಂದ ಕೇಳಹೋದೆ. ಡ್ಯಾರಲ್ ನನ್ನತ್ತ ತಿರುಗಿದ.

“ಖಲಾಸ್. ನೀವು ಇಲ್ಲೇ ಇಳೀರಿ.”

ಇಳಿದೆ. ವ್ಯಾನು ಹೋಯಿತು. ಒಳಗೆ ಇಬ್ಬರೂ ಮಾತಾಡುತ್ತಿದ್ದದ್ದು ಕಾಣಿಸಿತು.