ಟೇಪು ಅಂಟಿಸಿದ ಜಾಗ

ಬೆಂಚುಗಳಿಗೆ ಕೆಂಪು ಟೇಪು ಅಂಟಿಸಿದವಳು ನಾನೇ. ಒಂದು ಬೆಂಚಿಗೆ ಒಂದೇ ಮಗು, ಪಕ್ಕದ ಜಾಗದ ಮೇಲೆ ಅಡ್ಡಡ್ಡ ಟೇಪು, ಮೇಲಿನವರ ಆದೇಶ. ಮಂಡಿಯೂರಿ ಅಂಟಿಸಿ ಅಂಟಿಸಿ ಸೊಂಟ ಬಿದ್ದುಹೋಯಿತು. ಆದೇಶ ಹೊರಡಿಸಿದ ಮಹಾನುಭಾವರು ಒಂದನೇ ತರಗತಿಯ ಮಕ್ಕಳನ್ನು ಒಂದು ದಿನ ದೂರ ದೂರ ಕೂರಿಸಿ ನೋಡಬೇಕಿತ್ತು, ಆಗ ಗೊತ್ತಾಗುತ್ತಿತ್ತು.

ರೋಗದ ಭಯಕ್ಕೆ ಮುಚ್ಚಿದ್ದ ಶಾಲೆ ಆಗಷ್ಟೇ ತೆರೆದಿತ್ತು. ಶಾಲೆ ಎಂದರೆ ಮೊಬೈಲಿನಲ್ಲಿ ಕಾಣುವ ನನ್ನ ಮುಖ ಎಂದುಕೊಂಡಿದ್ದ ಮಕ್ಕಳು ಇವರು. ಈಗ ಎದುರಿಗೇ ನಿಂತಿದ್ದೇನೆ, ಆದರೆ ಅರ್ಧ ಮುಖ ಮಾಸ್ಕಿನೊಳಗೆ. "ನೀವು ಆ ಟೀಚರ್ ಅಲ್ಲ" ಎಂದು ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ನೋಡಲು ಇಷ್ಟೇ ಇಷ್ಟು, ಮಾತು ಮಾತ್ರ ಖಾರ. ಅವತ್ತೇ ಅವಳಿಗೆ ಮೆಣಸಿನಕಾಳು ಎಂದು ಹೆಸರಿಟ್ಟೆ. ಅವಳಮ್ಮ ದೊಡ್ಡಾಸ್ಪತ್ರೆಯ ಸೋಂಕಿನ ವಾರ್ಡಿನಲ್ಲಿ ನರ್ಸ್.

ಮಾರನೆಯ ದಿನ ಮೆಣಸಿನಕಾಳು ಇನ್ನೇನು ಬೀಳುವ ಹಾಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು.

"ಸರಿಯಾಗಿ ಕೂತ್ಕೋ, ಬಿದ್ದೀಯ."

"ಅವಳಿಗೆ ಜಾಗ ಸಾಕಾಗಲ್ಲ ಟೀಚರ್."

"ಯಾರಿಗೆ?"

ಅವಳು ಟೇಪಿನ ಕಡೆ ಕಣ್ಣಲ್ಲೇ ತೋರಿಸಿ ದನಿ ತಗ್ಗಿಸಿದಳು. "ಇಲ್ಲಿ ಕೂರ್ತಿದ್ದವಳಿಗೆ. ಸತ್ತುಹೋದ್ಳಲ್ಲ."

"ಯಾರೂ ಸತ್ತಿಲ್ಲ, ಸುಮ್ನೆ ಬರಿ" ಎಂದು ಗದರಿದೆ. ರೋಗ ಅಂಟದಿರಲೆಂದು ಟೇಪು ಹಾಕಿದ್ದು ಎಂದೂ ಹೇಳಿದೆ. ಪಾಪ, ಟೀಚರ್‌ಗೆ ಏನೂ ಗೊತ್ತಿಲ್ಲ ಎನ್ನುವಂತೆ ನೋಡಿದಳು.

ರೋಗ ಹರಡದಿರಲೆಂದು ಮಕ್ಕಳನ್ನು ದೂರ ಕೂರಿಸಿದ್ದೆ. ಮಾತು ಹರಡುವುದನ್ನು ಯಾವ ಟೇಪು ತಡೆದೀತು? ಕೆಲವೇ ದಿನಗಳಲ್ಲಿ ಇಡೀ ತರಗತಿ ಬೆಂಚಿನ ತುದಿಗೆ ಸರಿದಿತ್ತು. ಪ್ರತಿ ಮಗುವಿನ ಪಕ್ಕದಲ್ಲೂ ಈಗ ಒಬ್ಬರು. ಕೆಲವರು ಟೇಪಿನ ಮೇಲೆ ತಮ್ಮ ರಬ್ಬರು ಇಟ್ಟು, ತಗೊಳ್ಳಲಿ ಎಂದು ಕಾಯುತ್ತಿದ್ದರು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಇಷ್ಟು ವರ್ಷ ಗಲಾಟೆಗೆ ಶಾಪ ಹಾಕಿದ ನನಗೆ ಆ ಮೌನ ಭಯ ತಂದಿತು. ಬೋರ್ಡಿನ ಮೇಲೆ ಬರೆಯುವಾಗ ಬೆನ್ನ ಹಿಂದೆ ತರಗತಿ ತುಂಬಿ ತುಳುಕುತ್ತಿದೆ ಅನ್ನಿಸುತ್ತಿತ್ತು. ತಿರುಗಿದರೆ ಅರ್ಧವೇ ಇರುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಮೆಣಸಿನಕಾಳು ತರಗತಿಯ ಬಾಗಿಲ ಚೌಕಟ್ಟು ಹಿಡಿದುಕೊಂಡವಳು, ಟೇಪಿನ ಕಡೆಯೇ ನೋಡುತ್ತ, ಒಳಗೆ ಬರಲೇ ಇಲ್ಲ. ಗೇಟಿನಾಚೆ ನಿಲ್ಲಬೇಕಾದ ಅವಳಮ್ಮನನ್ನು ನಾನೇ ಒಳಗೆ ಕರೆಸಿದೆ. ಡ್ಯೂಟಿಗೆ ಹೊರಟಿದ್ದವಳು, ಕಿವಿಯ ಹಿಂದೆ ಮಾಸ್ಕಿನ ದಾರ ಉಜ್ಜಿ ಗಾಯವಾಗಿತ್ತು. ಮಗಳ ಬೆರಳು ಬಿಡಿಸಲು ನೋಡಿ ಸೋತಳು.

"ಟೀಚರ್, ಇವಳು ಇಲ್ಲಿ ಕೂರ್ಲಿಲ್ಲ ಅಂದ್ರೆ ನಾನು ಕೆಲಸ ಬಿಡ್ಬೇಕು. ಮನೇಲಿ ಇನ್ಯಾರೂ ಇಲ್ಲ. ಪಕ್ಕದ ಮನೆಯವ್ರು ನನ್ನ ಕಂಡ್ರೆ ಬಾಗಿಲು ಹಾಕ್ಕೋತಾರೆ. ವಾರ್ಡಲ್ಲಿ ಉಳಿದಿರೋದೇ ಬೆರಳೆಣಿಕೆ ನರ್ಸ್‌ಗಳು."

ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೆಂಚುಗಳನ್ನು ನೋಡಿದ್ದು ಆಗಲೇ. ಹಣೆ ಬಿಳಿಚಿಕೊಂಡಿತು.

"ಅಯ್ಯೋ, ಇದು ನಮ್ಮ ವಾರ್ಡಿನ ಟೇಪು! ಯಾರಾದ್ರೂ ತೀರ್ಕೊಂಡ್ರೆ, ಮಂಚ ತೊಳೆಯೋವರೆಗೂ ಇನ್ನೊಬ್ರನ್ನ ಮಲಗಿಸ್ಬಾರ್ದು ಅಂತ ಹೀಗೇ ಅಡ್ಡಡ್ಡ ಅಂಟಿಸ್ತೀವಿ. ಇವಳಿಗೆ ವಿಡಿಯೋ ಕಾಲ್ ಮಾಡ್ದಾಗ ಹಿಂದೆ ಕಾಣಿಸ್ತು. ಏನಮ್ಮಾ ಅದು ಅಂದ್ಳು. ಅಲ್ಲಿದ್ದ ಅಜ್ಜಿ ಸತ್ತುಹೋದ್ರು ಪುಟ್ಟಿ ಅಂದೆ."

ಇಷ್ಟೇನಾ ಎಂದು ನನಗೆ ಜೀವ ಬಂದ ಹಾಗಾಯಿತು. ಆದೇಶ ಹಾಳಾಗಿ ಹೋಗಲಿ ಎಂದು ಮೆಣಸಿನಕಾಳಿನ ಬೆಂಚಿನ ಟೇಪನ್ನು ಪರಪರ ಕಿತ್ತೆ.

"ನೀವೇ ಇಲ್ಲಿ ಕೂತು ತೋರ್ಸಿ. ಜಾಗ ಖಾಲಿ ಅಂತ ಮಗುಗೆ ಗೊತ್ತಾಗ್ಲಿ."

ಅವಳು ಬೆಂಚಿನ ಹತ್ತಿರ ಹೋದಳು. ಕೂರಲು ಬಗ್ಗಿದಳು. ಹಾಗೇ ನಿಂತುಬಿಟ್ಟಳು. ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು.

"ಆಗ್ತಿಲ್ಲ ಟೀಚರ್," ಎಂದಳು. "ಎಷ್ಟು ಮಂಚಕ್ಕೆ ಅಂಟಿಸಿದೀನಿ ಅಂತ ಲೆಕ್ಕಾನೇ ತಪ್ಪಿದೆ. ಮನೇಲೂ ಮಂಚದ ಮೇಲೆ ಮಲಗಕ್ಕಾಗಲ್ಲ ನಂಗೆ. ಯಾರೋ ಇರ್ತಾರೆ."

ಅವಳನ್ನು ಕಂಡು ಕರುಳು ಚುರುಕ್ ಅಂದಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮೆಣಸಿನಕಾಳು ಚೌಕಟ್ಟು ಬಿಟ್ಟು ಒಳಗೆ ಬಂದಳು. ಅಮ್ಮನ ಕೈ ಹಿಡಿದು ಬೆಂಚಿನಿಂದ ಮೆಲ್ಲಗೆ ಈಚೆಗೆ ಎಳೆದಳು.

"ಯಾರೂ ಒಬ್ಬೊಬ್ರೇ ಇರಬಾರ್ದು ಅಂತ ನೀನು ವಾರ್ಡಲ್ಲಿ ಕಾಯಿಲೆಯವರ ಪಕ್ಕ ಕೂರ್ತೀಯಲ್ಲಮ್ಮ? ನೀನು ಅವರ ಹತ್ರ ಕೂತ್ಕೋ. ಇವಳ ಹತ್ರ ನಾನು ಕೂರ್ತೀನಿ. ಹೋಗು, ಲೇಟಾಗುತ್ತೆ."

ಅಮ್ಮ ಮಗಳ ತಲೆ ಸವರಿ, ಬೆಂಚಿನ ಕಡೆ ತಿರುಗಿಯೂ ನೋಡದೆ ಹೋದಳು. ಅವಳ ಕೆಲಸ ಉಳಿಯಿತು. ಮಗು ತರಗತಿಯಲ್ಲಿ ಕೂತಿತು. ನಾನು ಸಂತೋಷಪಡಬೇಕಿತ್ತು.

ಹಾಜರಿ ಕೂಗತೊಡಗಿದೆ. ಬೆಂಚಿನ ತುದಿಯಿಂದ ಮೆಣಸಿನಕಾಳು "ಬಂದಿದೀನಿ ಟೀಚರ್" ಎಂದಳು. ಆಮೇಲೆ ಪಕ್ಕಕ್ಕೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಮಕ್ಕಳೆಲ್ಲ ಉಸಿರು ಬಿಗಿಹಿಡಿದಿದ್ದರು. ಮುಂದಿನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಕೂಗಲಿಲ್ಲ. ನಾನೂ ಕಾದೆ.