ಎದುರೂರಿನ ಕಿವಿ

ವಿಜಯಪುರದಲ್ಲಿ ಎಲ್ಲಿಯಾದರೂ ಶಾಮಿಯಾನ ಎದ್ದು, ಮೈಕಿನಲ್ಲಿ ಯಾರಾದರೂ ‘ಹಲೋ, ಹಲೋ, ಚೆಕ್’ ಅಂದರೆ ಸಾಕು, ನಾನು ಅಲ್ಲಿರುತ್ತೇನೆ. ಗವಾಯಿಗಳ ಕಛೇರಿ, ಉರುಸಿನ ಕವ್ವಾಲಿ, ಕಾಲೇಜಿನ ಗ್ಯಾದರಿಂಗಿನ ಆರ್ಕೆಸ್ಟ್ರಾ, ಸರಕಾರದವರ ಉತ್ಸವ, ಯಾವುದನ್ನೂ ಬಿಟ್ಟವಳಲ್ಲ. ಊರು ತಿಕೋಟಾ, ಓದುವುದು ವಿಜಯಪುರದಲ್ಲಿ, ಬಿ.ಎ. ಎರಡನೆಯ ವರ್ಷ. ಕಾರ್ಯಕ್ರಮ ಮುಗಿಯುವುದರೊಳಗೆ ಬಸ್ಸು ತಪ್ಪಿದರೆ ಜೋರಾಪುರ ಪೇಟೆಯಲ್ಲಿ ಗೆಳತಿ ಸಮ್ರೀನಳ ಮನೆ ಇದ್ದೇ ಇದೆ. ಅವಳ ತಾಯಿ ರೋಶನಬಿ ಬಾಗಿಲು ತೆರೆಯುವಾಗಲೇ, “ಬಂದ್ರೇನವ್ವಾ, ಹಾಡ ಕೇಳಿ ಹೊಟ್ಟಿ ತುಂಬೇತೋ, ಇಲ್ಲಾ ರೊಟ್ಟಿ ಬೇಕೋ?” ಎಂದು ಚುಚ್ಚುತ್ತಾರೆ. ಚುಚ್ಚುತ್ತಲೇ ರೊಟ್ಟಿ ಹಾಕುತ್ತಾರೆ.

ಹಾಡು ಕೇಳುವುದರಲ್ಲಿ ನನಗೆ ಜಂಬ ಇದೆ, ಮುಚ್ಚಿಡುವುದಿಲ್ಲ. ಮುಂದಿನ ಸಾಲಿನಲ್ಲಿ ಕೂರುತ್ತೇನೆ, ಮೊಬೈಲನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಹಾಡುವವರ ಮುಂದೆ ಮೊಬೈಲು ಎತ್ತಿ ಹಿಡಿದು, ಅದರೊಳಗೇ ಹಾಡುವವರನ್ನು ನೋಡುವ ಜನ ಕಂಡರೆ ನನಗೆ ಮೈ ಉರಿಯುತ್ತದೆ. ಕಛೇರಿಯಲ್ಲಿ ಮಾತಾಡುವವರನ್ನಂತೂ ಬಿಡುವುದೇ ಇಲ್ಲ.

ಹೋದ ಚಳಿಗಾಲದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರದ ಸಭಾಭವನದಲ್ಲಿ ಧಾರವಾಡದ ಕಡೆಯ ಗಾಯಕಿಯೊಬ್ಬರು ಹಾಡಲು ಬಂದಿದ್ದರು. ಆಲಾಪ ಇನ್ನೂ ಬಿಚ್ಚಿಕೊಳ್ಳುತ್ತಿತ್ತು. ನನ್ನ ಹಿಂದೆ ಕುಳಿತಿದ್ದ ಗೃಹಸ್ಥರೊಬ್ಬರು ಫೋನಿನಲ್ಲಿ ಒಣದ್ರಾಕ್ಷಿಯ ದರ ಮಾತಾಡತೊಡಗಿದರು. ನಾನು ತಿರುಗಿ, “ಕಾಕಾ, ಇಲ್ಲಿ ಒಂದಽ ಬಾಯಿ ಹಾಡಬೇಕು. ಅವರು ಹಾಡಲೋ, ನೀವು ಹಾಡ್ತೀರೋ?” ಎಂದೆ. ಸಮ್ರೀನ ನಾಚಿಕೆಯಿಂದ ಓಡನಿಯಲ್ಲಿ ಮುಖ ಮುಚ್ಚಿಕೊಂಡಳು. ಫೋನು ಬಂದ್ ಆಯಿತು. ಗೋಡೆಗೆ ಒರಗಿ ಕುಳಿತಿದ್ದ ಬಿಳಿಗಡ್ಡದ ಮುದುಕರೊಬ್ಬರು ಮಾತ್ರ ಮೈ ಕುಲುಕಿಸಿ ನಕ್ಕರು. ಕಛೇರಿ ಮುಗಿದ ಮೇಲೆ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, “ಯಾವೂರವ್ವಾ?” ಎಂದರು. “ತಿಕೋಟಾರಿ.” “ಭಾಳ ಛಲೋ ಕೇಳ್ತಿ,” ಎಂದು ಹೇಳಿ ಚಪ್ಪಲಿ ಹುಡುಕಿಕೊಂಡು ಹೋದರು. ಹಾಡುವವರಿಗೆ ಶಾಲು ಹೊದಿಸುವುದನ್ನು ಎಷ್ಟೋ ನೋಡಿದ್ದೆ. ಕೇಳುವವಳನ್ನು ಹೊಗಳಿದ್ದು ಅದೇ ಮೊದಲು. ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಈ ಹುಚ್ಚು ನನಗೆ ಹಿಡಿದದ್ದು ಅವ್ವನಿಂದ. ನನ್ನ ಅವ್ವ ತಿಪ್ಪವ್ವ ನಾಗೇಶಿ ಹಾಡುವವಳು. ನಮ್ಮ ಕಡೆ ಹರದೇಶಿ–ನಾಗೇಶಿ ಎಂದು ಎದುರುಬದುರು ನಿಂತು ಹಾಡುವ ವಾದದ ಹಾಡುಗಳುಂಟು. ಹರದೇಶಿಯವರು ಗಂಡು ಹೆಚ್ಚು ಎನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ. ಒಬ್ಬರು ಹಾಡಿನಲ್ಲೇ ಪ್ರಶ್ನೆ ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಬಿಡಿಸಬೇಕು. ಹಗಲು ದ್ರಾಕ್ಷಿ ಶೆಡ್ಡಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ ಆರಿಸುವ ಅವ್ವ, ಹಾಡಿಗೆ ಬಡಿಯುವ ದಪ್ಪು ಕೈಗೆ ಬಂದರೆ ಬೇರೆ ಹೆಂಗಸೇ ಆಗಿಬಿಡುತ್ತಾಳೆ. ಅಪ್ಪ ಪರಸಪ್ಪ ಒಂಟಿ ತಂತಿಯ ತುಂತುಣಿ ಬಾರಿಸುತ್ತಾನೆ. ಪಕ್ಕದ ಮನೆಯ ಸೋನಾಬಾಯಿ ಅತ್ತಿ ಹಿಮ್ಮೇಳಕ್ಕೆ ನಿಂತು ‘ಜೀ ಜೀ’ ಎನ್ನುತ್ತಾಳೆ. ‘ಹಾಡಿ ಹಾಡಿ ರಾಗ, ಉಗುಳಿ ಉಗುಳಿ ರೋಗ’ ಎನ್ನುತ್ತಾರಲ್ಲ, ಆ ಗಾದೆ ನನ್ನ ವಿಷಯದಲ್ಲಿ ನಡೆಯಲಿಲ್ಲ. ಎಷ್ಟು ಹಾಡಿದರೂ ನನ್ನ ಕಂಠ ತಗಡಿನದೇ. ಅವ್ವ ಕೊನೆಗೆ, “ನೀ ಹಾಡಬ್ಯಾಡ ಬೇ ನಿನ್ನ ಕೈ ಮುಗೀತೀನಿ, ಕುಂತ ಕೇಳು,” ಎಂದಳು. ಅಂದಿನಿಂದ ಕುಂತು ಕೇಳುತ್ತಿದ್ದೇನೆ.

ಈ ವರ್ಷ ಬಬಲೇಶ್ವರದ ತರುಣರು ಸಂಘ ಕಟ್ಟಿಕೊಂಡು ಹಾಡಿನ ಹಬ್ಬ ಇಟ್ಟಿದ್ದರು. ಎರಡನೆಯ ದಿನ ಮಧ್ಯಾಹ್ನ ತಿಕೋಟಾದ ತಿಪ್ಪವ್ವನಿಗೂ ಬಬಲೇಶ್ವರದ ಮೌಲಾಸಾಬರಿಗೂ ವಾದ. ಬರೀ ಹಾಡಿ ಬರುವ ವಾದವಲ್ಲ, ಕಲ್ಗಿ ಕಟ್ಟಿ ಹಾಡುವ ವಾದ. ಕಲ್ಗಿ ಎಂದರೆ ದಪ್ಪಿನ ಅಂಚಿಗೆ ಕಟ್ಟುವ ಬಣ್ಣದ ದಾರದ ಕುಚ್ಚು. ಸೋತವರು ಅದನ್ನು ತಮ್ಮ ಕೈಯಾರೆ ಬಿಚ್ಚಿ ಗೆದ್ದವರ ದಪ್ಪಿಗೆ ಕಟ್ಟಬೇಕು. ನಮ್ಮ ಕಲ್ಗಿ ಅವ್ವನ ಅವ್ವ ತಾಯವ್ವ ಹೆಣೆದದ್ದು, ಕನ್ನಡಿಯ ಚೂರು ಕೂಡಿಸಿ ಆಕೆ ಹಾಕಿದ ಗಂಟನ್ನು ಈವರೆಗೆ ಯಾರೂ ಬಿಚ್ಚಿರಲಿಲ್ಲ. ಅಜ್ಜಿ ಈಗಿಲ್ಲ. ವಾದಕ್ಕೆ ಒಪ್ಪಬೇಡ ಎಂದು ಅಪ್ಪ ಹೇಳಿದ. “ಕಲ್ಗಿ ಗ್ವಾಡಿಗಿ ತೂಗ ಹಾಕಾಕ ಐತೇನ?” ಎಂದು ಅವ್ವ ಅವನ ಬಾಯಿ ಮುಚ್ಚಿಸಿದಳು.

ನಾನೂ ಸಮ್ರೀನಳೂ ಮೊದಲೇ ಹೋಗಿ ಮುಂದೆ ಜಾಗ ಹಿಡಿದೆವು. ಮಂದಿ ಎಂದರೆ ಮಂದಿ. ಅವ್ವ ಹಸಿರು ಇಳಕಲ್ಲ ಸೀರೆಯುಟ್ಟು ವೇದಿಕೆ ಹತ್ತಿ ದಪ್ಪಿಗೆ ಒಂದು ಪೆಟ್ಟು ಕೊಟ್ಟಳು. ಅಷ್ಟಕ್ಕೇ ಗದ್ದಲ ನಿಂತಿತು. “ಲೇ, ಇವರು ನಿಮ್ಮವ್ವನಽ ಏನ? ನನಗ ಉಪ್ಪಿಟ್ಟು ಮಾಡಿ ಕೊಟ್ಟವರು?” ಎಂದಳು ಸಮ್ರೀನ. ನಾನು ಎದೆಯುಬ್ಬಿಸಿ, “ಹೂಂ, ನಮ್ಮವ್ವನಽ,” ಎಂದೆ. ಎದುರಿಗೆ ಮೌಲಾಸಾಬರು ಎದ್ದು ನಿಂತಾಗ ಇನ್ನೊಂದು ಅಚ್ಚರಿ. ಸಭಾಭವನದಲ್ಲಿ ನಕ್ಕಿದ್ದ ಬಿಳಿಗಡ್ಡದ ಮುದುಕರು ಅವರೇ.

ಗಂಟೆಗಟ್ಟಲೆ ಹಾಡಿದರು. ಅವರು ಒಂದು ಹಾಕಿದರೆ ಇವಳು ಬಿಡಿಸುತ್ತಾಳೆ, ಇವಳು ಒಂದು ಹಾಕಿದರೆ ಅವರು ಬಿಡಿಸುತ್ತಾರೆ. ಸಮ್ರೀನಳಂತೂ ಕ್ರಿಕೆಟ್ಟು ನೋಡುವವಳ ಹಾಗೆ ಎದ್ದೆದ್ದು ಕೂರುತ್ತಿದ್ದಳು. ಬಿಸಿಲು ಶಾಮಿಯಾನದ ಅಂಚಿಗೆ ಇಳಿಯುವ ಹೊತ್ತಿಗೆ ಮೌಲಾಸಾಬರು ದನಿ ತಗ್ಗಿಸಿ, ಬಲು ಮೆತ್ತಗೆ ಕೊನೆಯ ಪ್ರಶ್ನೆ ಹಾಕಿದರು:

“ಹೆಣ್ಣ ಹೆಚ್ಚಂತ ಹಾಡಿದೆಲ್ಲ, ಕೇಳ ನನ್ನ ತಂಗಿ,
ಹಾಡಿನ ತಾಯಿ ಯಾರ, ತಂದಿ ಯಾರ, ಹೇಳಿ ಹೋಗ ತಂಗಿ.”

ಅವ್ವ ಒಂದು ಕ್ಷಣ ದಪ್ಪು ನೋಡಿಕೊಂಡಳು. ಆಮೇಲೆ ಎತ್ತಿದಳು ನೋಡಿ:

“ಎದಿಯಾಗ ಬಸರಾಗಿ ತುಟಿಯಾಗ ಹಡದಾಳ,
ನಾಲಗಿ ಹೆಣ್ಣಣ್ಣ, ಹಾಡಿನ ತಾಯಿ ಆಕಿ.”

ಸೀಟಿಯ ಮೇಲೆ ಸೀಟಿ. ಅದು ನಿಲ್ಲುವ ಮುಂಚೆಯೇ ಅವ್ವ ದನಿಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ದು,

“ತಾಯಿ ಎದುರಿಗೆ ನಿಂತಿರುವಾಗ, ತಂದಿ ಹೆಸರ ಯಾಕಣ್ಣ?”

ಎಂದು ದಪ್ಪು ಬಡಿದು ನಿಲ್ಲಿಸಿದಳು. ಮಂದಿ ಎದ್ದು ಕುಣಿಯಿತು. ಟೋಪಿಗಳು ಹಾರಿದವು. ಸಮ್ರೀನ ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ಚಪ್ಪಾಳೆಗೆಂದು ಎತ್ತಿದ ನನ್ನ ಕೈ ಮಾತ್ರ ಹಾಗೇ ನಿಂತಿತು. ಅವ್ವನ ಗುಟ್ಟು ನನಗೆ ಗೊತ್ತು. ಮನೆಯಲ್ಲಿ ಬೆಲ್ಲ ಯಾರು ತಿಂದು ಮುಗಿಸಿದರು ಎಂದು ಅಪ್ಪ ಕೇಳಿದಾಗಲೂ ಅವಳು ಹೀಗೆಯೇ ದನಿ ಏರಿಸುತ್ತಾಳೆ. ತಾಯಿ ಯಾರೆಂದು ಹೇಳಿದಳು, ತಂದೆ ಯಾರೆಂದು ಹೇಳಲಿಲ್ಲ. ಗೊತ್ತಿರಲಿಲ್ಲ, ಹಾರಿಸಿಬಿಟ್ಟಳು.

ತೀರ್ಪು ಕೊಡಲು ಕುಳಿತಿದ್ದ ಪಂಚರು ತಲೆ ಕೂಡಿಸಿ ಮಾತಾಡಿದರು, ಒಮ್ಮತ ಆಗಲಿಲ್ಲ. ಅರ್ಧ ಜನ ಉತ್ತರ ಬಂತು ಎಂದರು, ಅರ್ಧ ಜನ ಬರಲಿಲ್ಲ ಎಂದರು. ಹಿರಿಯ ಪಂಚ ಅಬ್ದುಲಸಮದ ಮಾಸ್ತರರು ಮೈಕು ಹಿಡಿದರು.

“ಹಿರಿಯಾರ ಪದ್ಧತಿ ಒಂದೈತ್ರಿ. ಪಂಚರು ಒಡದ್ರ ಎದುರೂರಿನ ಕಿವಿ ಕೇಳಬೇಕು. ಪ್ರಶ್ನೆ ಹಾಕಿದಾಂವ ಎದುರಿನವರ ಊರಾಗಿಂದ ಒಬ್ಬರನ್ನ ಆರಿಸಿ ಕರೀಬೇಕು. ಉತ್ತರ ಬಂತೋ ಇಲ್ಲೋ, ಅವರು ಹೇಳಿದ್ದಽ ಕಡೀ ಮಾತು. ಮೌಲಾಸಾಬ, ತಿಕೋಟಾದವರು ಇಷ್ಟ ಮಂದಿ ಕುಂತಾರ. ಯಾರನ್ನ ಕರೀತೀರಿ?”

ಮೌಲಾಸಾಬರು ಹಣೆಗೆ ಕೈ ಅಡ್ಡ ಹಿಡಿದು ಮಂದಿಯನ್ನೆಲ್ಲ ನೋಡಿದರು. ಕಣ್ಣು ನನ್ನ ಮೇಲೆ ಬಂದು ನಿಂತಿತು. ಮುಖ ಅರಳಿತು.

“ಅಕಾ, ಅಲ್ಲಿ ಕುಂತಾಳಲ್ಲ, ಹಳದಿ ಓಡನಿ. ಆ ಹುಡುಗಿ ಬರಲಿ. ತಿಕೋಟಾದಾಕಿ ಆಕಿ, ನನಗ ಗೊತ್ತೈತಿ.”

ಇಡೀ ಶಾಮಿಯಾನ ನಕ್ಕಿತು. “ಕೆಟ್ಟಿರಿ ಮೌಲಾಸಾಬ! ಆಕಿ ತಿಪ್ಪವ್ವನ ಮಗಳರಿ!” ಎಂದು ಯಾರೋ ಕೂಗಿದರು. “ಹೆತ್ತವರಿಗೆ ಹೆಗ್ಗಣ ಮುದ್ದಂತ, ಇಲ್ಲಿ ಹೆಗ್ಗಣನಽ ನ್ಯಾಯಕ್ಕ ಕುಂತೈತಿ!” ಎಂದು ಇನ್ನೊಬ್ಬ. ಮೌಲಾಸಾಬರ ಮುಖ ಸಪ್ಪಗಾಯಿತು. ಮಾಸ್ತರರು ಮೆಲ್ಲಗೆ, “ಬ್ಯಾರೆ ಯಾರನರ ಕರೀರಿ, ಯಾರೂ ಏನೂ ಅನ್ನೂದಿಲ್ಲ,” ಎಂದರು.

ಮೌಲಾಸಾಬರು ಗಡ್ಡ ನೀವಿಕೊಂಡರು. “ಇಲ್ರಿ ಮಾಸ್ತರ. ಕರದ ಮ್ಯಾಲ ಕರದಂಗ. ಆಕಿ ಕೇಳೂದನ್ನ ನಾ ನೋಡೇನಿ. ಬರಲಿ.”

ವೇದಿಕೆಯ ಮೆಟ್ಟಿಲು ಹತ್ತುವಾಗ ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಮುದುಕರ ಮೇಲೆ, ಮಂದಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಅವ್ವನ ಮೇಲೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಾರದಿತ್ತೇ? ಪಕ್ಕದಿಂದ ಸೋನಾಬಾಯಿ ಅತ್ತಿ, “ಬಂತು ಅಂತನ್ನ ಬೇ, ಬಂತು ಅನ್ನು,” ಎಂದು ಪಿಸುಗುಟ್ಟಿದಳು. ಅಪ್ಪ ತುಂತುಣಿ ತಿರುವುತ್ತ ನೆಲ ನೋಡುತ್ತಿದ್ದ. ಅವ್ವ ಒಬ್ಬಳೇ ನನ್ನನ್ನು ನೇರ ನೋಡುತ್ತಿದ್ದಳು. ಅವಳ ಕೈಯಲ್ಲಿ ದಪ್ಪು, ದಪ್ಪಿಗೆ ಅಜ್ಜಿಯ ಕಲ್ಗಿ. ‘ಬಂತು’ ಎಂದರೆ ಆಯಿತು, ಕಲ್ಗಿ ನಮ್ಮ ಜೊತೆಗೇ ತಿಕೋಟಾಕ್ಕೆ ಬರುತ್ತದೆ. ಮಂದಿಯೂ ಅದನ್ನೇ ಕಾಯುತ್ತಿತ್ತು. ಆದರೆ ಊರವರಿಗೆಲ್ಲ ‘ಸರಿಯಾಗಿ ಕೇಳ್ರಿ’ ಎಂದು ಗದರಿಸಿಕೊಂಡು ತಿರುಗುವವಳು ನಾನು. ಕೇಳದೇ ಇದ್ದದ್ದನ್ನು ಕೇಳಿದೆ ಎಂದು ಹೇಗೆ ಹೇಳಲಿ?

ಮಾಸ್ತರರು ಮೈಕನ್ನು ನನ್ನ ಬಾಯಿಗೆ ಹಿಡಿದರು. “ಹೇಳವ್ವಾ, ಉತ್ತರ ಬಂತೋ?”

“ಅರ್ಧ ಬಂತರಿ,” ಎಂದೆ. “ತಾಯಿ ಬಂದ್ಲು. ತಂದಿ ಬರಲಿಲ್ಲ.”

ನನ್ನ ತಗಡು ದನಿ ಧ್ವನಿವರ್ಧಕದಲ್ಲಿ ಇಡೀ ಬಬಲೇಶ್ವರಕ್ಕೆ ಕೇಳಿಸಿರಬೇಕು. ತಿಕೋಟಾದವರು ಕುಳಿತಿದ್ದ ಕಡೆಯಿಂದ “ಮನಿಮುರಕಿ!” ಎಂದು ಒಂದು ಕೂಗು ಬಂತು. ತಡೆದುಕೊಂಡಿದ್ದ ಸಿಟ್ಟೆಲ್ಲ ಅವನ ಮೇಲೆ ಹೋಯಿತು. “ಯಾರ್ರೀ ಅದು? ಬಂದೈತಿ ಅನ್ನಾಂವ ಇಲ್ಲಿ ಮ್ಯಾಲ ಬಂದು ತಂದಿ ಹೆಸರ ಹೇಳಲಿ!” ಯಾರೂ ಬರಲಿಲ್ಲ.

ಪ್ರಶ್ನೆ ಹಾಕಿದವರಿಗೆ ಉತ್ತರ ಗೊತ್ತಿರದಿದ್ದರೆ ಆ ಪ್ರಶ್ನೆ ನಿಲ್ಲುವುದಿಲ್ಲ. ಹಾಗಾಗಿ ಮಾಸ್ತರರು ಮೌಲಾಸಾಬರ ಕಡೆ ತಿರುಗಿದರು. ಅವರು ಗೆದ್ದವರ ಠೇಂಕಾರವಿಲ್ಲದೆ, ತಂಗಿಗೆ ಹೇಳಿಕೊಡುವ ಹಾಗೆ ಹಾಡಿದರು:

“ಹಡದರ ಸಾಕೇನ ತಂಗಿ, ಕೇಳವರಿಲ್ಲದ ಹಾಡ ಪರದೇಶಿ,
ಎತ್ತಿ ಆಡಿಸಿ ಹೆಸರಿಟ್ಟಾಂವ ಕಿವಿಯಣ್ಣ, ಹಾಡಿನ ತಂದಿ.”

ಅವ್ವ ಆ ಸಾಲನ್ನು ಬಾಯೊಳಗೇ ಒಮ್ಮೆ ಅಂದುಕೊಂಡಳು. “ಹೌದಣ್ಣ, ಖರೇ ಐತಿ,” ಎಂದು ತಲೆ ತೂಗಿದಳು. ಆಮೇಲೆ ಕಲ್ಗಿಗೆ ಕೈ ಹಾಕಿದಳು. ಅಜ್ಜಿಯ ಗಂಟು ಬಿಚ್ಚಲೊಲ್ಲದು. ಉಗುರಿನಿಂದ ಎಳೆದಳು, ಕೊನೆಗೆ ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಮೌಲಾಸಾಬರ ದಪ್ಪಿಗೆ ಅದನ್ನು ತಾನೇ ಕಟ್ಟಿದಳು. ಅದನ್ನು ನೋಡಿ ನಾನು ಅತ್ತುಬಿಟ್ಟೆ. ಕೆಳಗೆ ಸಮ್ರೀನಳೂ ಅಳುತ್ತಿದ್ದಳು.

ಸೋತವರು ಸುಮ್ಮನೆ ಇಳಿದು ಹೋಗುವಂತಿಲ್ಲ. ತಮ್ಮನ್ನು ಸೋಲಿಸಿದವರ ಊರು, ಹೆಸರು ಹಿಡಿದು ಒಂದು ನುಡಿ ಹಾಡಿಯೇ ಇಳಿಯಬೇಕು. ಅವ್ವ ಬೋಳು ದಪ್ಪನ್ನು ಎತ್ತಿಕೊಂಡು ಮಂದಿಯ ಮುಂದೆ ನಿಂತಳು. ಮೌಲಾಸಾಬರು ತಲೆ ಬಾಗಿಸಿ ತಮ್ಮ ಹೆಸರಿಗೆ ಕಾದರು.

“ಕಂಠಕ್ಕ ಸೋತಿಲ್ಲ, ದಪ್ಪಿಗೆ ಸೋತಿಲ್ಲ, ಮೌಲಾಸಾಬಗ ನಾ ಸೋತಿಲ್ಲ,
ನಾ ಹಾರಿಸಿದ ಮಾತ ಹಿಡದಾಕಿ ಒಬ್ಬಾಕಿ ಇಷ್ಟ ಮಂದಿಯೊಳಗ,
ತಿಕೋಟಾ ಊರಾಕಿ, ತಿಪ್ಪವ್ವ ಹಡದಾಕಿ, ದಾನೇಶ್ವರಿಗೆ ಸೋತೇನ.”

ಸೋನಾಬಾಯಿ ಅತ್ತಿಗೆ ಗಾಬರಿಯಲ್ಲಿ ‘ಜೀ ಜೀ’ ಎನ್ನುವುದೇ ಮರೆತುಹೋಯಿತು. ಪದ್ಧತಿ ಮುರಿಯಿತೆಂದು ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. ಮೌಲಾಸಾಬರು ಒಂದು ಕೈಯಿಂದ ಅವರನ್ನು ಹಾಗೇ ಕೂರಿಸಿ, ಎರಡು ಕಲ್ಗಿ ತೂಗುತ್ತಿದ್ದ ದಪ್ಪನ್ನು ಎತ್ತಿ ಬಡಿದು, ತಾವೇ ಅವ್ವನ ಹಿಮ್ಮೇಳಕ್ಕೆ ನಿಂತು, “ಜೀ ಜೀ!” ಎಂದರು.

ಅವ್ವ ಕೊನೆಯ ಸಾಲನ್ನು ಮತ್ತೆ ಎತ್ತಿದಳು. ಈಗ ಬಬಲೇಶ್ವರದವರು, ತಿಕೋಟಾದವರು, ‘ಮನಿಮುರಕಿ’ ಎಂದವನೂ ಸೇರಿ ಎಲ್ಲರೂ ‘ಜೀ ಜೀ’ ಎನ್ನುತ್ತಿದ್ದರು. ನನ್ನ ಅವ್ವನಂಥ ಅವ್ವ ಯಾರಿಗಿದ್ದಾಳೆ ಎಂದು ಎದೆ ಬಿರಿಯುವಷ್ಟು ಹೆಮ್ಮೆಯಾಯಿತು. ಕಣ್ಣೊರೆಸಿಕೊಂಡು, ತಲೆ ಎತ್ತಿ, ವೇದಿಕೆಯ ನಡುವೆ ನಿಂತು ಕೇಳಿದೆ. ನನ್ನ ಹೆಸರಿನ ಹತ್ತಿರ ಬಂದಾಗಲೆಲ್ಲ ಅವ್ವನ ಶ್ರುತಿ ಒಂದಿಷ್ಟು ಜಾರುತ್ತಿತ್ತು. ಅದನ್ನು ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ.